ಆರು–ಐದರ ನಡಾವಳಿ

ನಾನು ಬರೆದ ವಾಕ್ಯ ಇಷ್ಟೇ: “ಮತಕ್ಕೆ ಹಾಕಿದಾಗ ಪರವಾಗಿ ಆರು, ವಿರುದ್ಧವಾಗಿ ಐದು ಕೈಗಳು ಎದ್ದವು, ಪೊಲೀಸರು ಕಾರು ತೆಗೆಯಲು ಹೇಳುತ್ತಿದ್ದಾರೆಂದು ಸಂಘದ ಮನೆ ನೋಡಿಕೊಳ್ಳುವವರು ಬಂದು ತಿಳಿಸಿದ್ದರಿಂದ ಸದಸ್ಯರೊಬ್ಬರು ಆ ವೇಳೆ ಕೆಳಗೆ ಹೋಗಿದ್ದರು.” ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಯಾರು, ಯಾವಾಗ, ಏಕೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿದೆ. ಪತ್ರಿಕೆಯ ಮೇಜಿನಲ್ಲಿ ಕಿರಿಯರಿಗೆ ನಾನು ಕಲಿಸುತ್ತಿದ್ದುದೂ ಇದನ್ನೇ.

1995ರ ಚಳಿಗಾಲ. ಬಹರೇನಿನ ರಾಜಧಾನಿ ಮನಾಮದ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ನಾನು ವಿದೇಶ ಸುದ್ದಿಯ ಪುಟ ನೋಡುತ್ತಿದ್ದೆ. ಕೆಲಸ ಮಧ್ಯಾಹ್ನದ ಮೇಲೆ. ಶುಕ್ರವಾರದ ಬೆಳಗು ಬಿಡುವು. ಆ ಬಿಡುವಿನಲ್ಲಿ ನಮ್ಮ ಕನ್ನಡ ಸಂಘದ ಸಮಿತಿ ಸಭೆಗೆ ಹೋಗಿ ನಡಾವಳಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ನಾನು ಸದಸ್ಯನಲ್ಲ, ಮತವಿಲ್ಲ. ಹುಟ್ಟಿದ್ದು ಚಿತ್ರದುರ್ಗದ ಕಡೆ, ಕೆಲಸ ಕಲಿತದ್ದು ಮಂಗಳೂರಿನಲ್ಲಿ. ಹಾಗಾಗಿ ಎರಡೂ ಬಣದವರು ನನ್ನನ್ನು ಅರ್ಧ ತಮ್ಮವನೆಂದು ಎಣಿಸಿದ್ದರು. ಉಳಿದ ಅರ್ಧದ ಮೇಲೆ ಇಬ್ಬರಿಗೂ ಅನುಮಾನವಿತ್ತು.

ಬಣಗಳು ಎರಡೇ. ಒಂದರಲ್ಲಿ ಹಳಬರು: ಎಪ್ಪತ್ತರ ದಶಕದಲ್ಲಿ ಉಡುಪಿ, ಮಂಗಳೂರು ಕಡೆಯಿಂದ ಬಂದು ಅಂಗಡಿ, ಹೋಟೆಲು ಹಾಕಿದವರು, ಸಂಘವನ್ನು ಕಟ್ಟಿದವರು. ಇನ್ನೊಂದರಲ್ಲಿ ಹೊಸಬರು: ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಂಜಿನಿಯರುಗಳು, ಬ್ಯಾಂಕಿನವರು. ಮೊದಮೊದಲು ಜಗಳ ರಾಜ್ಯೋತ್ಸವಕ್ಕೆ ಯಕ್ಷಗಾನವೋ ಸುಗಮ ಸಂಗೀತವೋ ಎಂಬಷ್ಟೇ ಆಗಿತ್ತು. ಎರಡು ವರ್ಷದಲ್ಲಿ ಅದು ಕುರ್ಚಿ ಹಾಕುವ ಕ್ರಮಕ್ಕೂ ಬಂತು. ಕಿಟಕಿಯ ಕಡೆ ಹಳಬರು, ಬಾಗಿಲ ಕಡೆ ಹೊಸಬರು. ರಿಫಾದಿಂದ ಒಂದೇ ಕಾರಿನಲ್ಲಿ ಬರುತ್ತಿದ್ದ ಇಬ್ಬರು ಬೇರೆ ಬೇರೆ ಕಾರಿನಲ್ಲಿ ಬರತೊಡಗಿದರು. ಒಬ್ಬರು ತಂದ ಸಲಹೆ ಒಳ್ಳೆಯದೇ ಆಗಿದ್ದರೂ ಇನ್ನೊಬ್ಬರು ಕೈ ಎತ್ತುತ್ತಿರಲಿಲ್ಲ. ಮಕ್ಕಳ ಕನ್ನಡ ತರಗತಿಗೆ ಕರಿಹಲಗೆ ಕೊಳ್ಳುವ ವಿಷಯ ನಾಲ್ಕು ಸಭೆ ಮುಂದೆ ಹೋದುದನ್ನು ನಾನೇ ಬರೆದಿದ್ದೇನೆ.

ಸಮಿತಿಯಲ್ಲಿ ಅಧ್ಯಕ್ಷರನ್ನು ಬಿಟ್ಟರೆ ಹನ್ನೆರಡು ಜನ, ಆರು ಮತ್ತು ಆರು. ಅಧ್ಯಕ್ಷರು ಮೆತ್ತಗಿನ ಮನುಷ್ಯ, ಎಲ್ಲರನ್ನೂ ತೂಗಿಸಿಕೊಂಡು ಹೋಗುತ್ತಿದ್ದರು. ಅವರಿಗೆ ದುಬೈಗೆ ವರ್ಗವಾಯಿತು. ಅಲ್ಲಿಂದ ಶುರು.

ಬೈಲಾ ಪ್ರಕಾರ ಅಧ್ಯಕ್ಷ ಸ್ಥಾನ ತೆರವಾದರೆ ಸಮಿತಿಯೇ ತನ್ನೊಳಗಿಂದ ಒಬ್ಬ ಹಂಗಾಮಿ ಅಧ್ಯಕ್ಷರನ್ನು ಆರಿಸಬೇಕು. ಮತ ಸಮವಾದರೆ ಇನ್ನೊಂದು ಮತ ಹಾಕುವ ಹಕ್ಕು ಅಧ್ಯಕ್ಷರಿಗೆ ಮಾತ್ರ. ಆ ಅಧ್ಯಕ್ಷರೇ ಇಲ್ಲ. ನವೆಂಬರಿನ ಕೊನೆಯ ಸಭೆಯಲ್ಲಿ ಉಪಾಧ್ಯಕ್ಷರು ಕುರ್ಚಿಯಲ್ಲಿದ್ದರು. ಅವರು ಹಳಬರ ಮುಖಂಡರು, ಬಟ್ಟೆ ಅಂಗಡಿಯವರು. ಸಂಘದ ಮನೆ ಸೆಗಯಾ ಬಡಾವಣೆಯಲ್ಲಿ, ಒಂದು ಹಳೆಯ ಕಟ್ಟಡದ ಮೊದಲ ಮಹಡಿ. ಪಕ್ಕದ ಗಲ್ಲಿಯಲ್ಲಿ ಮಸೀದಿ. ಶುಕ್ರವಾರ ಹನ್ನೊಂದಾಗುತ್ತಿದ್ದಂತೆ ನಮಾಜಿಗೆ ಬರುವವರಿಗೆ ದಾರಿ ಬಿಡಿಸಲು ಪೊಲೀಸರು ಬಂದು ಅಡ್ಡ ನಿಂತ ಕಾರುಗಳನ್ನು ತೆಗೆಸುವುದು ವಾರವಾರದ ಸಂಗತಿ. ಅವತ್ತೂ ಬಂದರು. ಅಣ್ಣ ಬಾಗಿಲಲ್ಲಿ ನಿಂತು, “ಸಾರ್, ಬಿಳಿ ಕಾರು ಯಾರದ್ದು? ಪೊಲೀಸ್ ಬಂದಿದ್ದಾರೆ, ತೆಗೀಬೇಕಂತೆ” ಎಂದರು. ಹೊಸಬರ ಪೈಕಿ ಬ್ಯಾಂಕಿನವರು ಕೀಲಿಕೈ ಹಿಡಿದು ಎದ್ದು ಹೋದರು. ಅವರ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಇನ್ನೂ ಕೇಳುತ್ತಿತ್ತು. ಉಪಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ಹಂಗಾಮಿ ಅಧ್ಯಕ್ಷರ ವಿಷಯ. ಕೈ ಎತ್ತಿ ನೋಡುವ” ಎಂದರು. ಆರು, ಐದು. ಬ್ಯಾಂಕಿನವರು ಮರಳಿ ಬರುವಷ್ಟರಲ್ಲಿ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾಗಿದ್ದರು.

ಅಣ್ಣ ಎಂದೆನಲ್ಲ, ಸಂಘದ ಮನೆ ನೋಡಿಕೊಳ್ಳುತ್ತಿದ್ದವರು, ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಕಾರ್ಕಳದ ಕಡೆಯವರು, ಐವತ್ತಾರು ದಾಟಿದ ವಯಸ್ಸು. ಬಾಗಿಲು ತೆಗೆಯುವುದು, ಪುಸ್ತಕಗಳ ಧೂಳು ಹೊಡೆಯುವುದು, ಹಬ್ಬಕ್ಕೆ ತೋರಣ, ಸಭೆಗೆ ಚಹಾ ಎಲ್ಲ ಅವರದೇ. ಸಂಘವೇ ಅವರ ಪ್ರಾಯೋಜಕ. ಅಂದರೆ ಅವರ ವೀಸಾ ಸಂಘದ ಹೆಸರಿನಲ್ಲಿ. ಒಂಬತ್ತು ವರ್ಷ ಹಾಗೇ ನಡೆದಿತ್ತು. ಅದರ ಅವಧಿ ಜನವರಿ ಕೊನೆಗೆ ಮುಗಿಯುತ್ತಿತ್ತು. ನವೀಕರಿಸಬೇಕಾದರೆ ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿ ಬೇಕು. ಆ ನಡುವೆ ರಿಫಾದ ಶಾಲೆಯೊಂದರ ಕ್ಯಾಂಟೀನಿನವರು ಅವರನ್ನು ಕೆಲಸಕ್ಕೆ ಕೇಳಿದ್ದರು. ಅಲ್ಲಿಗೆ ಹೋಗಲು ಸಂಘ ‘ರಿಲೀಸ್’ ಕೊಡಬೇಕು: ಈ ಮನುಷ್ಯನನ್ನು ಬಿಟ್ಟುಕೊಡಲು ನಮ್ಮ ಅಡ್ಡಿಯಿಲ್ಲ ಎಂಬ ಕಾಗದ. ಅದಕ್ಕೂ ಅವೇ ಎರಡು ಸಹಿ. ಎರಡರಲ್ಲಿ ಒಂದೂ ಆಗದಿದ್ದರೆ ಊರಿಗೆ ಹೊರಡಬೇಕು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಎರಡು ವರ್ಷ ಬಾಕಿ.

“ಎರಡು ವರ್ಷ ಸಿಕ್ಕಿದ್ರೆ ಸಾಕು ಸಾರ್. ಮತ್ತೆ ನಾನೇ ಹೋಗ್ತೇನೆ, ಯಾರೂ ಕಳಿಸುದು ಬೇಡ” ಎಂದಿದ್ದರು.

ಡಿಸೆಂಬರಿನ ಮೊದಲ ಸಭೆಯ ಕಾರ್ಯಸೂಚಿಯಲ್ಲಿ ಅಣ್ಣನ ರಿಲೀಸ್ ನಾಲ್ಕನೆಯದು. ಮೊದಲನೆಯದು ಎಂದಿನಂತೆ ಹಿಂದಿನ ನಡಾವಳಿಯನ್ನು ಓದಿ ಒಪ್ಪುವುದು. ಅದು ಒಪ್ಪಿಗೆಯಾಗದೆ ಎರಡನೆಯದಕ್ಕೆ ಹೋಗುವಂತಿಲ್ಲ. ನಾನು ಓದಿದೆ. ಆ ವಾಕ್ಯಕ್ಕೆ ಬಂದಾಗ ಹೊಸಬರ ಮುಖಂಡರೂ ಸಂಘದ ಕಾರ್ಯದರ್ಶಿಯೂ ಆಗಿದ್ದ ಬೆಂಗಳೂರಿನ ಎಂಜಿನಿಯರು ಕೈ ಎತ್ತಿದರು.

“ಆಬ್ಜೆಕ್ಷನ್. ಆ ವೋಟಿಂಗೇ ಆಗಿಲ್ಲ ಅಂತ ನಮ್ಮ ಸ್ಟ್ಯಾಂಡು. ಅದನ್ನ ತೆಗೀರಿ.”

“ಆದದ್ದನ್ನು ಆಗಿಲ್ಲ ಅಂದ್ರೆ ಹೇಗೆ ಮಾರಾಯ್ರೆ?” ಉಪಾಧ್ಯಕ್ಷರು ನಕ್ಕರು. “ವೋಟು ಇರ್ಲಿ. ಆ ಕಾರಿನ ಕತೆ ಎಂತಕ್ಕೆ? ಅದನ್ನು ತೆಗೀರಿ.”

“ಎರಡೂ ಆಗಿದೆ. ಎರಡೂ ಇರುತ್ತದೆ,” ಎಂದೆ.

ಒಪ್ಪಿಗೆಗೆ ಮತ: ಆರು, ಆರು. ಉಪಾಧ್ಯಕ್ಷರು ಅಧ್ಯಕ್ಷರ ಇನ್ನೊಂದು ಮತ ಹಾಕಹೋದರೆ, ಈ ಪುಟ ಒಪ್ಪಿಗೆಯಾಗುವವರೆಗೆ ನೀವು ಅಧ್ಯಕ್ಷರೇ ಅಲ್ಲ ಎಂದರು ಹೊಸಬರು. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನವರು ಕೇಳಿದ ಪ್ರಶ್ನೆಯಿಂದ ಎಲ್ಲ ಬದಲಾಯಿತು. “ನಂಗೊಂದು ಗೊತ್ತಾಗ್ಬೇಕು. ಅಷ್ಟು ಕರೆಕ್ಟಾಗಿ ಅದೇ ಟೈಮಿಗೆ ಅಣ್ಣನ್ನ ಒಳಗೆ ಕಳಿಸಿದ್ದು ಯಾರು?”

ಅಣ್ಣ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದರು. “ನನ್ನನ್ನು ಯಾರೂ ಕಳಿಸಿದ್ದಲ್ಲ ಸಾರ್. ಪೊಲೀಸ್ ಕರ್ದದ್ದು.”

“ನಿಮ್ಮನ್ನ ಬಯ್ತಾ ಇಲ್ಲ ಅಣ್ಣ. ಬರೆದಿದೆ, ಅದಕ್ಕೆ ಕೇಳ್ದೆ.”

ಬರೆದಿದೆ ಎಂಬುದೇ ಆಧಾರವಾಯಿತು. ನಾನು ಏಕೆ ಎಂಬುದಕ್ಕೆ ಉತ್ತರ ಕೊಡಲು ಬರೆದ ಒಂದು ಅರ್ಧವಾಕ್ಯದಿಂದ, ಯಾವ ಬಣಕ್ಕೂ ಸೇರದ ಮನುಷ್ಯನಿಗೆ ಒಂದು ಬಣ ಸಿಕ್ಕಿಬಿಟ್ಟಿತು. ಹೊಸಬರು ಆರು ಜನ ಎದ್ದು ಹೋದರು. ಸಭೆಗೆ ಕನಿಷ್ಠ ಎಂಟು ಜನ ಬೇಕು. ಹಾಜರಿ ಸಾಲದೆ ಸಭೆ ಮುಂದಕ್ಕೆ ಹೋಯಿತು ಎಂದು ಬರೆದು, ಗಂಟೆ ನಮೂದಿಸಿದೆ. ಹನ್ನೆರಡು ಲೋಟ ಚಹಾದಲ್ಲಿ ಆರು ಉಳಿದವು.

ಅದೇ ತಿಂಗಳು ನನ್ನ ಮೇಜಿಗೆ ಅಮೆರಿಕದಿಂದ ದಿನವೂ ಒಂದೇ ಸುದ್ದಿ. ಅಧ್ಯಕ್ಷ ಒಂದು ಪಕ್ಷದವರು, ಕಾಂಗ್ರೆಸ್ಸಿನಲ್ಲಿ ಬಹುಮತ ಇನ್ನೊಂದು ಪಕ್ಷದ್ದು. ಬಜೆಟ್ ಪಾಸಾಗದೆ ಸರ್ಕಾರದ ಕಚೇರಿಗಳಿಗೆ ಬೀಗ. ನಾನು ಅದನ್ನು ಕತ್ತರಿಸಿ ಮೂರು ಕಾಲಮ್ಮಿಗೆ ಕೂರಿಸುತ್ತಿದ್ದೆ. ತಲೆಬರಹಕ್ಕೆ ಹೊಸ ಪದ ಹುಡುಕುವುದೇ ಕಷ್ಟವಾಗಿತ್ತು, ಏಕೆಂದರೆ ಹೊಸದೇನೂ ನಡೆಯುತ್ತಿರಲಿಲ್ಲ. ನಾವಿದ್ದ ದೇಶದಲ್ಲಿ ಚುನಾಯಿತ ಸಂಸತ್ತನ್ನು ವಿಸರ್ಜಿಸಿ ಇಪ್ಪತ್ತು ವರ್ಷವಾಗಿತ್ತು. ಅಂಥ ಕಡೆ ಮತ ಹಾಕುವ ಹಕ್ಕಿದ್ದ ಒಂದು ಕೋಣೆ ನಮ್ಮದು, ಅದರಲ್ಲಿ ನಾವು ಮಾಡಿದ್ದು ಇದು.

ಉಪಾಧ್ಯಕ್ಷರ ಅಂಗಡಿಗೆ ಒಂದು ಬೆಳಿಗ್ಗೆ ಹೋದೆ. ಅಣ್ಣನ ಕಾಗದವನ್ನಾದರೂ ಬೇರೆ ಮಾಡಿ ಎಂದು ಕೇಳುವುದಿತ್ತು. ಅವರು ಬಟ್ಟೆಯ ಥಾನು ಬಿಚ್ಚುತ್ತಾ, “ಅಮೆರಿಕದವ್ರೇ ಬಾಗಿಲು ಹಾಕಿ ಕೂತಿದ್ದಾರೆ ಅಂತ ನಿಮ್ಮದೇ ಪೇಪರಲ್ಲಿ ಉಂಟಲ್ಲ. ನಮ್ಮದೆಂತ ದೊಡ್ಡದು?” ಎಂದರು. ಆಮೇಲೆ ದನಿ ತಗ್ಗಿಸಿ, “ಅವ್ರು ನಮ್ಮ ಊರಿನವ್ರು ಮಾರಾಯ್ರೆ. ನನಗೆ ಬೇಜಾರಿಲ್ವಾ? ನಾನು ಈಗ್ಲೇ ಸೈನ್ ಹಾಕ್ತೇನೆ, ಹಂಗಾಮಿ ಅಧ್ಯಕ್ಷ ಅಂತ. ಆ ಎಂಜಿನಿಯರಿಗೆ ಹೇಳಿ.”

ಎಂಜಿನಿಯರು ಮಾಹೂಝಿನಲ್ಲಿ ನನ್ನ ಮನೆಯ ಹಿಂದಿನ ಕಟ್ಟಡದಲ್ಲೇ ಇದ್ದರು. ಅವರ ಮಾತೂ ಪ್ರಾಮಾಣಿಕವೇ. “ಸಾರ್, ರಿಲೀಸ್ ಕೊಡೋಕೆ ನಂದೇನೂ ಆಬ್ಜೆಕ್ಷನ್ ಇಲ್ಲ. ಆದ್ರೆ ಆ ಸೈನ್ ಪಕ್ಕ ನಾನು ಸೈನ್ ಹಾಕಿದ್ರೆ ಅವರನ್ನ ಅಧ್ಯಕ್ಷ ಅಂತ ಒಪ್ಪಿಕೊಂಡ ಹಾಗೆ. ನಾಳೆ ಅದನ್ನೇ ತೋರಿಸ್ತಾರೆ. ನನ್ನ ಕಡೆಯ ಐದು ಜನ ನನ್ನನ್ನ ಬಿಡ್ತಾರಾ?”

ಹನ್ನೆರಡು ಜನರೂ ಅಣ್ಣನ ಪರ. ಆ ವಿಷಯ ಒಂದೇ ಒಂದು ಸಲ ಮತಕ್ಕೆ ಬಂದಿದ್ದರೆ ಹನ್ನೆರಡು ಕೈ ಏಳುತ್ತಿದ್ದವು. ಮತಕ್ಕೆ ಬರುವ ದಾರಿಯೇ ಮುಚ್ಚಿತ್ತು.

ನಾನೊಂದು ಉಪಾಯ ಮಾಡಿದೆ. ಸಂಘದ ಕಾಗದದಲ್ಲಿ ರಿಲೀಸ್ ಟೈಪು ಮಾಡಿ, ಕೆಳಗೆ ಹುದ್ದೆ ನಮೂದಿಸದೆ ಎರಡು ಗೆರೆ ಬಿಟ್ಟೆ. ‘ಸಂಘದ ಪರವಾಗಿ’ ಎಂದಷ್ಟೇ. ಇಬ್ಬರ ಮನೆಗೂ ನಾನೇ ಒಯ್ದೆ. ಇಬ್ಬರೂ ಎರಡೆರಡು ಸಲ ಓದಿ ಸಹಿ ಹಾಕಿದರು. ಎಂಜಿನಿಯರು ಅಳತೆಪಟ್ಟಿ ತಂದು, ತಮ್ಮ ಸಹಿ ಇನ್ನೊಂದಕ್ಕಿಂತ ಕೆಳಗೆ ಬೀಳದ ಹಾಗೆ ನೋಡಿಕೊಂಡರು. ಕ್ರಿಸ್ಮಸ್ ಆದ ಮೇಲಿನ ಶನಿವಾರ ಅಣ್ಣ ಅದನ್ನು ಹಿಡಿದು ವೀಸಾ ಕಚೇರಿಗೆ ಹೋದರು. ಮಧ್ಯಾಹ್ನ ನನ್ನ ಪತ್ರಿಕೆಯ ಗೇಟಿನ ಹತ್ತಿರ ಬಂದು ನಿಂತಿದ್ದರು.

“ಆಗ್ಲಿಲ್ಲ ಸಾರ್. ಕೌಂಟರಿನವ ‘ರಯೀಸ್ ಮಿನು?’ ಅಂತ ಕೇಳಿದ, ಅಧ್ಯಕ್ಷರು ಯಾರು ಅಂತ. ನಾನು ಎಂತ ಹೇಳುದು? ಒಬ್ಬರ ಹೆಸರು ಹೇಳಿದ್ರೆ ಇನ್ನೊಬ್ಬರಿಗೆ ಸಿಟ್ಟು. ಸುಮ್ಮನೆ ನಿಂತೆ. ಅವ ನಗಾಡಿ ಕಾಗದ ವಾಪಸ್ ಕೊಟ್ಟ.”

“ಉಪಾಧ್ಯಕ್ಷರ ಹೆಸರು ಹೇಳಬಹುದಿತ್ತಲ್ಲ?”

“ಆಮೇಲೆ ಅಣ್ಣ ಅವ್ರ ಕಡೆ ಅಂತ ಗ್ಯಾರಂಟಿ ಆಗ್ತಿತ್ತು. ಈಗ ಬರೀ ಡೌಟು ಉಂಟು.” ಅವರು ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಜನವರಿ ಮೊದಲ ವಾರ ಅಮೆರಿಕದ ಕಚೇರಿಗಳು ಬಾಗಿಲು ತೆರೆದವು. ನಮ್ಮ ಮೊದಲ ಶುಕ್ರವಾರ ಹೊಸಬರು ಬರಲಿಲ್ಲ, ಎರಡನೆಯದರಲ್ಲಿ ಹಳಬರು ಎದ್ದು ಹೋದರು. ಕ್ಯಾಂಟೀನಿನವರು ಇಪ್ಪತ್ತನೇ ತಾರೀಖಿನವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದು ಹೇಳಿಕಳಿಸಿದರು.

ಆಗ ಇಬ್ಬರು ಮುಖಂಡರೂ ನನ್ನ ಮನೆಯಲ್ಲಿ ಕೂರಲು ಒಪ್ಪಿದರು. ಒಂದು ಬುಧವಾರದ ಬೆಳಿಗ್ಗೆ, ಎಂಟೂವರೆಗೆ, ಇಬ್ಬರೂ ಕೆಲಸಕ್ಕೆ ಹೋಗುವ ಮುಂಚೆ. ತಿಂಗಳುಗಳ ನಂತರ ಅವರಿಬ್ಬರು ಒಂದೇ ಸೋಫಾದಲ್ಲಿ ಕೂತದ್ದನ್ನು ನೋಡಿದೆ. ಅರ್ಧ ಗಂಟೆಯಲ್ಲಿ ಅವರೇ ಒಂದು ದಾರಿ ಹುಡುಕಿದರು. ನವೆಂಬರಿನ ಪುಟವನ್ನು ಹೊಸದಾಗಿ ಬರೆಯುವುದು. ಮತ ಹಾಕಿಯೇ ಇಲ್ಲ. ಚರ್ಚೆ ನಡೆಯುತ್ತಿದ್ದಾಗ ಮನೆ ನೋಡಿಕೊಳ್ಳುವವರು ಅನುಮತಿಯಿಲ್ಲದೆ ಒಳಗೆ ಬಂದು ಗೊಂದಲ ಮಾಡಿದ್ದರಿಂದ ಸಭೆ ನಿಂತುಹೋಯಿತು. ಹೀಗಾದರೆ ಹಳಬರು ಸೋತ ಹಾಗಲ್ಲ, ಹೊಸಬರು ಗೆದ್ದ ಹಾಗಲ್ಲ. ಶುಕ್ರವಾರ ಹನ್ನೆರಡೂ ಜನ ಅದನ್ನು ಒಪ್ಪುತ್ತಾರೆ. ಆ ಸಭೆಯಲ್ಲೇ ಇಬ್ಬರಿಗೂ ಬೇಡದ, ಎಂಬತ್ತು ಸಮೀಪಿಸಿದ, ಸಮಿತಿಯಲ್ಲೇ ಇದ್ದ ಹಿರಿಯ ಸದಸ್ಯರೊಬ್ಬರನ್ನು ಒಂದು ತಿಂಗಳ ಮಟ್ಟಿಗೆ ಹಂಗಾಮಿ ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಅವರು ಅಲ್ಲೇ ರಿಲೀಸಿಗೆ ಸಹಿ ಹಾಕುತ್ತಾರೆ.

“ಅವರು ಗೊಂದಲ ಮಾಡಲಿಲ್ಲ,” ಎಂದೆ.

“ಗೊತ್ತುಂಟು ಮಾರಾಯ್ರೆ. ಅವ್ರಿಗೆ ಒಳ್ಳೇದಾಗ್ಲಿಕ್ಕೇ ಅಲ್ವಾ ಬರೆಯುದು?”

“ಒಂದೇ ಪ್ಯಾರಾ ಸಾರ್. ಯಾರು ಓದ್ತಾರೆ ಅದನ್ನ?” ಎಂಜಿನಿಯರು ಅಂದರು.

ಈಗ ಹಿಂದಿರುಗಿ ನೋಡಿದರೆ, ಆ ಎರಡು ವರ್ಷಗಳಲ್ಲಿ ಎರಡೂ ಬಣ ಸೇರಿ ಮಾಡಿದ ಒಂದೇ ಒಪ್ಪಂದ ಅದು. ತಪ್ಪನ್ನು ಕೋಣೆಯಲ್ಲಿ ಮತವಿಲ್ಲದವರ ಮೇಲೆ ಹಾಕುವುದು. ನನಗೂ ಮತವಿರಲಿಲ್ಲ, ಪೆನ್ನಿತ್ತು. ನಾನು ಬರೆಯುವುದಿಲ್ಲ ಎಂದೆ. ನಡೆದದ್ದನ್ನು ನಡೆದಿಲ್ಲ ಎಂದು ಈವರೆಗೆ ಬರೆದಿಲ್ಲ, ನಿರಪರಾಧಿಯ ಮೇಲೆ ಆರೋಪವನ್ನೂ ಬರೆದಿಲ್ಲ, ಬೇರೆ ಯಾರಿಂದಾದರೂ ಬರೆಸಿ ಎಂದೆ. ಬೇರೆ ಯಾರು ಬರೆದರೂ ಇನ್ನೊಂದು ಬಣ ಒಪ್ಪುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಉಪಾಧ್ಯಕ್ಷರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಬಾಗಿಲು ಹಾಕಿಕೊಂಡ ಮೇಲೆ ನನಗೆ ಹೆಮ್ಮೆಯಾಗಿತ್ತು. ಅದನ್ನೂ ದಾಖಲಿಸಬೇಕು.

ಶುಕ್ರವಾರ ಎರಡೂ ಬಣದವರು ಬಂದರು. ನಾನು ಹಳೆಯ ಪುಟವನ್ನೇ ಓದಿದೆ. ಆರು, ಆರು. ಇಪ್ಪತ್ತನೇ ತಾರೀಖು ದಾಟಿತು.

ಅಣ್ಣನ ಕೊನೆಯ ಶುಕ್ರವಾರ ಸಭೆ ಇರಲಿಲ್ಲ. ಪುಸ್ತಕಗಳನ್ನು ಒಪ್ಪಿಸಿಕೊಳ್ಳಲು ನಾನೊಬ್ಬನೇ ಹೋಗಿದ್ದೆ. ರಂಜಾನ್ ಶುರುವಾಗಿತ್ತು, ಗಲ್ಲಿ ನಿಶ್ಶಬ್ದವಾಗಿತ್ತು. ಅವರು ಉಪವಾಸದವರಿಗೆ ಕಾಣದಂತೆ ಕಿಟಕಿ ಮುಚ್ಚಿ ಇಬ್ಬರಿಗೆ ಚಹಾ ಮಾಡಿದರು. ಲೋಟ ನನ್ನ ಮುಂದಿಟ್ಟು ಕೇಳಿದರು.

“ಸಾರ್, ನೀವು ಎಂತದೋ ಬರೆಯುದಿಲ್ಲ ಅಂದ್ರಂತೆ, ಹೌದಾ?”

ಹೇಳಿದೆ. ಅವರ ಮೇಲೆ ಸುಳ್ಳು ಹೊರಿಸುವುದಿತ್ತು, ನಾನು ಒಪ್ಪಲಿಲ್ಲ ಎಂದೆ. ಕೃತಜ್ಞತೆಯ ಮಾತೊಂದು ಬರಬಹುದೆಂದು ಒಳಗೊಳಗೇ ಕಾದಿರಬೇಕು.

“ಎಂತ ಅಂತ ಬರೆಯುದಿತ್ತು?”

“ಅನುಮತಿ ಇಲ್ಲದೆ ಒಳಗೆ ಬಂದಿರಿ, ಗೊಂದಲ ಮಾಡಿದಿರಿ ಅಂತ.”

“ಅಷ್ಟೆಯಾ?” ಅವರು ಲೋಟವನ್ನು ಕೈಯಲ್ಲಿ ತಿರುಗಿಸಿದರು. “ಬರೀಬಹುದಿತ್ತಲ್ಲ ಸಾರ್. ನನಗೆಂತ ಆಗ್ತಿತ್ತು? ಯಾರಾದ್ರೂ ಜೈಲಿಗೆ ಹಾಕ್ತಿದ್ರಾ?”

ನಾನು ಪುಸ್ತಕಗಳ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಕೋಪ ಅಲ್ಲ. ನೀವು ಮಾಡಿದ್ದು ನ್ಯಾಯವೇ. ನನ್ನನ್ನು ಒಂದು ಮಾತು ಕೇಳ್ಬಹುದಿತ್ತು, ಅಷ್ಟೇ.” ಆಮೇಲೆ, ಬೇರೆ ಏನನ್ನೋ ನೆನಪಿಸಿಕೊಂಡವರಂತೆ, “ಒಂಬತ್ತು ವರ್ಷದ ನಡಾವಳಿ ಪುಸ್ತಕ ಉಂಟಲ್ಲ ನಿಮ್ಮ ಹತ್ರ. ಬೇರೆ ಎಲ್ಲಿಯಾದ್ರೂ ನನ್ನ ಸುದ್ದಿ ಬರೆದದ್ದುಂಟಾ?”

ನೋಡಿದೆ. ಮೂರು ಪುಸ್ತಕಗಳು, ಎರಡು ನನಗಿಂತ ಮುಂಚಿನವರ ಕೈಬರಹ. ಪುಟಪುಟವಾಗಿ ಬೆರಳಾಡಿಸಿದೆ. ಪೂರ್ತಿ ನಡೆದ ಪ್ರತಿ ಸಭೆಯ ನಡಾವಳಿಯ ಕೊನೆಗೂ ಒಂದೇ ಸಾಲು: ‘ಚಹಾದೊಂದಿಗೆ ಸಭೆ ಮುಕ್ತಾಯವಾಯಿತು.’ ಚಹಾ ಮಾಡಿದವರ ಮಾತು ಎಲ್ಲೂ ಇಲ್ಲ.

“ಇಲ್ಲ,” ಎಂದೆ.

“ಹಾಗಾದ್ರೆ ಆ ಕಾರಿನದ್ದೊಂದೇ,” ಎಂದು ಎದ್ದು ನನ್ನ ಲೋಟವನ್ನೂ ಒಯ್ದು ತೊಳೆದಿಟ್ಟರು. ಬೀಗದ ಕೈಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟು, ಯಾವುದು ಯಾವ ಬಾಗಿಲಿನದು ಎಂದು ಹೇಳಿದರು. ಗ್ಯಾಸ್ ಬಂದ್ ಮಾಡಲು ಮರೆಯಬೇಡಿ ಎಂದರು. ಮರುವಾರ ವಿಮಾನ ಹತ್ತಿದರು. ಅವರ ಮಗಳ ಓದು ಮುಂದೇನಾಯಿತು ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯವಿರಲಿಲ್ಲ.

ರಂಜಾನ್ ಮುಗಿದ ಮೇಲೆ, ಸಮಿತಿಯ ಅವಧಿ ತೀರಿದ್ದರಿಂದ, ಸಂಘದ ಸರ್ವಸದಸ್ಯರ ಸಭೆ ಕರೆದು ಹೊಸ ಸಮಿತಿ ಆರಿಸಿದರು. ಹಳಬರಿಗೆ ಏಳು, ಹೊಸಬರಿಗೆ ಆರು. ನವೆಂಬರಿನ ನಡಾವಳಿಯನ್ನು ಯಾರೋ ‘ಓದಿದಂತೆ ಭಾವಿಸೋಣ’ ಎಂದರು, ಎಲ್ಲರೂ ಹೂಂ ಎಂದರು. ಎರಡು ತಿಂಗಳು ಎಲ್ಲವನ್ನೂ ತಡೆದು ನಿಲ್ಲಿಸಿದ್ದ ಪುಟ ಒಂದು ಹೂಂನಲ್ಲಿ ದಾಟಿಹೋಯಿತು. ಹೊಸ ಸಮಿತಿಯ ಮೊದಲ ಸಭೆಯಲ್ಲಿ ಹಿಂದಿನ ಉಪಾಧ್ಯಕ್ಷರು ಎದ್ದು, ಕಷ್ಟಕಾಲದಲ್ಲಿ ಯಾವ ಕಡೆಗೂ ವಾಲದೆ ದಾಖಲೆ ಕಾಪಾಡಿದ್ದಕ್ಕಾಗಿ ನನಗೆ ಅಭಿನಂದನೆ ಸೂಚಿಸಿದರು. ಎಂಜಿನಿಯರು ಅನುಮೋದಿಸಿದರು. ಹದಿಮೂರು ಕೈ ಎದ್ದವು. ಆ ನಿರ್ಣಯವನ್ನೂ ನಾನೇ ಬರೆಯಬೇಕಾಗಿತ್ತು; ಬರೆದೆ. ಸರ್ವಾನುಮತ ಎಂಬ ಪದ ನನ್ನ ಕೈಬರಹದಲ್ಲಿ ಆ ಪುಸ್ತಕದಲ್ಲಿ ಬಂದದ್ದು ಅದೇ ಮೊದಲು.

ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಆ ದಿನ ಚಹಾ ಇರಲಿಲ್ಲ, ಮಾಡುವವರಿರಲಿಲ್ಲ. ‘ಚಹಾ ಇಲ್ಲದೆ ಸಭೆ ಮುಕ್ತಾಯವಾಯಿತು’ ಎಂದು ಬರೆದೆ. ಮುಂದಿನ ತಿಂಗಳು ಓದಿದಾಗ ಯಾರೂ ತಕರಾರು ಮಾಡಲಿಲ್ಲ.